ಒಕಾಬೆ ಸಾನ್ ಕೊಳ್ಳದೆ ಬಿಟ್ಟ ಕಣಿವೆ

೧೯೯೯ರ ಶರತ್ಕಾಲದಲ್ಲಿ ನಾನು ಜಪಾನಿನ ಫುಕುವೋಕಾದ ಒಂದು ವಿಶ್ವವಿದ್ಯಾಲಯದ ಅರಣ್ಯ ವಿಭಾಗದಲ್ಲಿ ಸಂಶೋಧಕಿಯಾಗಿದ್ದೆ. ನನ್ನ ವಿಷಯ ಜಿಂಕೆ. ಆ ಭಾಗದ ಬೆಟ್ಟಗಳಲ್ಲಿ ಜಿಂಕೆಗಳು ಮಿತಿಮೀರಿ ಹೆಚ್ಚಿ, ಕಾಡಿನಲ್ಲಿ ಮೊಳೆತ ಸಸಿಗಳನ್ನೆಲ್ಲ ತಿಂದು ಮುಗಿಸುತ್ತಿದ್ದವು. ಮುದಿ ಮರಗಳಷ್ಟೇ ಉಳಿದು, ಎಳೆಯದೊಂದೂ ಇಲ್ಲದ ಕಾಡು ಹೇಗಿರುತ್ತದೆ ಎಂದು ನಾನು ನೋಡಿದ್ದು ಅಲ್ಲಿಯೇ. ಮಾಂಸದ ವಾಸನೆಯೂ ಇಲ್ಲದ ಮೈಸೂರಿನ ಮನೆಯಲ್ಲಿ ಬೆಳೆದ ನನಗೆ, ಬೇಟೆಗಾರರನ್ನು ಕಾಡಿನ ಮಿತ್ರರೆಂದು ಒಪ್ಪಿಕೊಳ್ಳಲು ಎರಡು ಚಳಿಗಾಲ ಬೇಕಾಯಿತು.

ಒಕಾಬೆ ಸಾನ್ ಅಂಥ ಮಿತ್ರರಲ್ಲಿ ಒಬ್ಬರು; ಸಾನ್ ಎಂಬುದು ಅಲ್ಲಿ ಹೆಸರಿಗೆ ಸೇರಿಸುವ ಗೌರವದ ಮಾತು. ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತರಾದವರು. ತಾವು ಹೊಡೆದ ಜಿಂಕೆಗಳ ದವಡೆಗಳನ್ನು ತೊಳೆದು ಒಣಗಿಸಿ ನಮ್ಮ ಲ್ಯಾಬ್‌ಗೆ ತಂದು ಕೊಡುತ್ತಿದ್ದರು. ಹಲ್ಲಿನ ಸವೆತ ನೋಡಿ ನಾವು ಪ್ರಾಣಿಯ ವಯಸ್ಸು ಗುರುತಿಸುತ್ತಿದ್ದೆವು. ಆ ವರ್ಷ ಅವರು ದವಡೆಗಳ ಜೊತೆ ಒಂದು ಕೋರಿಕೆಯನ್ನೂ ತಂದರು. ಬೇಟೆಗೆ ಅನುಕೂಲವಾಗುವ ಒಂದು ಹಳ್ಳಿಮನೆ ಕೊಳ್ಳಬೇಕು, ಎರಡು ಜಾಗ ಮನಸ್ಸಿಗೆ ಬಂದಿವೆ, ನೋಡಿ ಹೇಳಬೇಕು ಎಂದರು. ನಮ್ಮ ಪ್ರೊಫೆಸರ್ ಆ ಕೆಲಸವನ್ನು ನನಗೆ ವಹಿಸಿದರು.

ಜಪಾನಿನಲ್ಲಿ ಜಮೀನು ಕೊಂಡರೆ ಅದರ ಮೇಲೆ ಓಡಾಡುವ ಜಿಂಕೆ ನಮ್ಮದಾಗುವುದಿಲ್ಲ. ಕಾಡುಪ್ರಾಣಿಗೆ ಒಡೆಯರಿಲ್ಲ, ಪರವಾನಗಿ ಇದ್ದವರು ಚಳಿಗಾಲದ ಋತುವಿನಲ್ಲಿ ಮಾತ್ರ ಬೇಟೆಯಾಡಬಹುದು. ಹೀಗಾಗಿ ಜಾಗ ನೋಡುವಾಗ ಜಿಂಕೆಯ ದಾರಿ ಎಲ್ಲಿದೆ, ಅಕ್ಕಪಕ್ಕದ ಮನೆಗಳು ಎಷ್ಟು ದೂರ, ಹಿಂದೆ ಬ್ಯಾಕ್‌ಸ್ಟಾಪ್ ಇದೆಯೇ, ಅಂದರೆ ಗುರಿ ತಪ್ಪಿದ ಗುಂಡು ಹೂತುಹೋಗುವಂಥ ಮಣ್ಣಿನ ದಿಣ್ಣೆ ಇದೆಯೇ ಎಂದು ನೋಡಬೇಕು. ಬೆಟ್ಟ ಗಟ್ಟಿಯಾಗಿದೆಯೇ ಎಂಬುದು ಇದೆಲ್ಲಕ್ಕಿಂತ ಮುಖ್ಯ.

ನೋಡಲು ಹೋದ ದಿನ ಅವರ ಮಗಳು ಮಯೂಮಿಯೂ ಟೋಕಿಯೋದಿಂದ ಬಂದಿದ್ದಳು. ಮೂವತ್ತರ ಆಸುಪಾಸಿನ ಹುಡುಗಿ, ಸಾಫ್ಟ್‌ವೇರ್ ಎಂಜಿನಿಯರ್. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಹಳೆಯ ಪ್ರೋಗ್ರಾಮ್‌ಗಳು ೨೦೦೦ವನ್ನು ೧೯೦೦ ಎಂದು ತಿಳಿದು ಕೆಡುವ ಭಯ ಆಗ ಜಗತ್ತಿಗೆಲ್ಲ ಇತ್ತು. ಅವುಗಳನ್ನು ಸರಿಪಡಿಸುವುದೇ ಅವಳ ಕೆಲಸ. ಅವಳಿದ್ದದ್ದು ಟೋಕಿಯೋದ ನಿಶಿ ಕಸಾಯಿ ಎಂಬ ಬಡಾವಣೆಯಲ್ಲಿ. ಅದೇ ಕೆಲಸಕ್ಕೆ ಬಂದ ಬೆಂಗಳೂರಿನ ದಂಪತಿ ಪಕ್ಕದ ಫ್ಲ್ಯಾಟ್‌ನಲ್ಲಿದ್ದರಂತೆ. ನನ್ನನ್ನು ಕಂಡೊಡನೆ ಅವಳು ತಲೆಬಾಗಿ, ಒಂದೊಂದೇ ಅಕ್ಷರ ಕೂಡಿಸಿ, “ಊಟ ಆಯ್ತಾ?” ಎಂದಳು. ನಾನು ನಕ್ಕುಬಿಟ್ಟೆ. ದಾರಿಯುದ್ದಕ್ಕೂ ಅವಳು ಆ ದಂಪತಿಯ ಮನೆಯ ಸಾಸಿವೆ ಒಗ್ಗರಣೆಯ ಬಗ್ಗೆ ಹೇಳುತ್ತಿದ್ದಳು.

ಒಕಾಬೆ ಸಾನ್ ಹೆಂಡತಿಯನ್ನು ಕಳೆದುಕೊಂಡು ಬಹಳ ವರ್ಷಗಳಾಗಿದ್ದವು. ಮಗಳು ಆ ವರ್ಷದ ಬೇಸಿಗೆಯಲ್ಲಿ ಬೇಟೆಯ ಪರವಾನಗಿಯ ಪರೀಕ್ಷೆ ಪಾಸು ಮಾಡಿದ್ದಳು. ಹೊಸ ವರ್ಷದ ಗಡಿಬಿಡಿ ಮುಗಿದ ಮೇಲೆ ಕೆಲಸ ಬಿಟ್ಟು ಬಂದು, ತಂದೆಯಿಂದ ಬೇಟೆ ಕಲಿತು, ಅದೇ ಮನೆಯಲ್ಲಿರುವುದು ಅವಳ ಯೋಚನೆ. ಹಾಗಾಗಿ ಜಾಗ ಅವಳಿಗೂ ಒಪ್ಪಿಗೆಯಾಗಬೇಕಿತ್ತು.

ಮೊದಲನೆಯದು ಹಳ್ಳಿಯ ಅಂಚಿನ ಮನೆ. ಬಿಸಿಲು ಬೀಳುವ ಅಂಗಳ, ಹಿಂದೆ ಚೆಸ್ಟ್‌ನಟ್ ಮರಗಳ ತೋಪು, ಬಸ್ ರಸ್ತೆ ಹತ್ತಿರ. ಅಲ್ಲಲ್ಲಿ ಜಿಂಕೆಯ ಹಿಕ್ಕೆ ಕಂಡಿತು, ಅಷ್ಟೇ. ಎರಡನೆಯದು ರಸ್ತೆ ಮುಗಿಯುವಲ್ಲಿದ್ದ ಕಣಿವೆಯ ಮನೆ. ಬೆನ್ನಿಗೆ ಸೀಡರ್ ಮರಗಳ ಕಡಿದಾದ ಗುಡ್ಡ. ಅಲ್ಲಿ ಬ್ರೌಸ್ ಲೈನ್ ಸ್ಪಷ್ಟವಾಗಿತ್ತು: ಜಿಂಕೆಯ ಬಾಯಿ ಎಟಕುವಷ್ಟು ಎತ್ತರಕ್ಕೆ ಒಂದು ಎಲೆಯೂ ಇಲ್ಲದೆ, ಅದರ ಮೇಲೆ ಗೆರೆ ಎಳೆದಂತೆ ಹಸಿರು. ಜಿಂಕೆಯೇ ಮುಖ್ಯವಾದರೆ ಈ ಕಣಿವೆಯೇ ಸರಿ.

ತಂದೆಗೆ ಹಳ್ಳಿಯ ಮನೆ ಇಷ್ಟ. ಮಂಡಿ ನೋವಿನವನಿಗೆ ಆ ಗುಡ್ಡವೇಕೆ, ಇಲ್ಲಿ ಆಸ್ಪತ್ರೆಯಾದರೂ ಹತ್ತಿರ ಎಂಬುದು ಅವರ ವಾದ. ಮಗಳು ಕಣಿವೆಯ ಮನೆಯ ಜಗಲಿಯಲ್ಲಿ ಕುಳಿತವಳು ಏಳಲೇ ಇಲ್ಲ. ಮೊಬೈಲ್ ತೆಗೆದು ನಮ್ಮಿಬ್ಬರಿಗೂ ತೋರಿಸಿದಳು. ಸಿಗ್ನಲ್ ಇರಲಿಲ್ಲ.

“ಅಪ್ಪಾ, ಇಲ್ಲಿ ಯಾರೂ ನನ್ನನ್ನ ಕರೆಯೋಕಾಗಲ್ಲ,” ಎಂದಳು. ಮಗು ಆಟಿಕೆ ತೋರಿಸುವಂತೆ ಹೇಳಿದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು. ಒಕಾಬೆ ಸಾನ್ ತಮ್ಮ ಜಾಕೆಟ್ ಬಿಚ್ಚಿ ಅವಳ ಮೇಲೆ ಹೊದಿಸಿ, ಎಬ್ಬಿಸಬೇಡಿ ಎಂದು ನನಗೆ ಸನ್ನೆ ಮಾಡಿದರು. ಬೆಳಕು ಇಳಿಯುವವರೆಗೂ ಅವರು ಅವಳ ಪಕ್ಕದಲ್ಲೇ ಕಾದರು.

ಆ ಹೊತ್ತಿನಲ್ಲಿ ನಾನು ಗುಡ್ಡ ಹತ್ತಿ ನೋಡಿದೆ. ನೆಲದ ಗಿಡಗಳನ್ನೆಲ್ಲ ಜಿಂಕೆಗಳು ತಿಂದು, ಮಣ್ಣು ಬೋಳಾಗಿ, ಬೇರುಗಳು ಹೊರಗೆ ಬಂದಿದ್ದವು. ಮರಗಳ ಬುಡ ಬಾಗಿತ್ತು. ಕೆಳಗಿನ ಮಣ್ಣು ನಿಧಾನವಾಗಿ ಜಾರುತ್ತಿರುವ ಗುರುತು ಅದು. ಮೇಲೆ ಒಂದೆಡೆ ನೆಲ ಬಿರುಕು ಬಿಟ್ಟಿತ್ತು. ಇಳಿದು ಬಂದು ತಂದೆ ಮಗಳಿಬ್ಬರಿಗೂ ಹೇಳಿದೆ. ಮಯೂಮಿ ಕೇಳಿಸಿಕೊಂಡು, ಹೊಸ ವರ್ಷ ಕಳೆಯಲಿ, ಇನ್ನೊಮ್ಮೆ ನಿಧಾನವಾಗಿ ನೋಡೋಣ ಎಂದಳು. ತಂದೆಯೂ ಒಪ್ಪಿದರು.

ಹೊಸ ವರ್ಷ ಬಂತು. ಲೋಕವೇ ಹೆದರಿದ್ದ ಆ ಗಳಿಗೆ ಏನೂ ಕೆಡದೆ ಕಳೆಯಿತು. ಏನೂ ಆಗದ್ದಕ್ಕೆ ಇಷ್ಟು ಗದ್ದಲ ಬೇಕಿತ್ತೇ ಎಂದು ಜನ ನಕ್ಕರು. ಆದರೆ ಮಯೂಮಿಗೆ ರಜೆ ಸಿಗಲಿಲ್ಲ. ಆ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಅಧಿಕ ದಿನವನ್ನೂ ಯಂತ್ರಗಳು ಸರಿಯಾಗಿ ದಾಟುತ್ತವೆಯೇ ಎಂದು ನೋಡುವುದು ಉಳಿದಿತ್ತು. ಮಾರ್ಚ್‌ನಲ್ಲಿ ಬರುತ್ತಾಳೆ ಎಂದು ಒಕಾಬೆ ಸಾನ್ ಫೋನಿನಲ್ಲಿ ತಿಳಿಸಿದರು.

ಮಯೂಮಿ ಮಾರ್ಚ್ ನೋಡಲಿಲ್ಲ. ಫೆಬ್ರವರಿಯ ಒಂದು ಭಾನುವಾರ ತನ್ನ ಫ್ಲ್ಯಾಟ್‌ನಲ್ಲಿ ಕುಸಿದುಬಿದ್ದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು ವೈದ್ಯರು. ಅತಿ ದುಡಿಮೆಯ ಸಾವಿಗೆ ಜಪಾನಿನಲ್ಲಿ ಕರೋಶಿ ಎಂಬ ಹೆಸರೇ ಇದೆ. ಒಂದು ಭಾಷೆಗೆ ಅಂಥ ಪದ ಬೇಕಾಯಿತಲ್ಲ ಎಂದು ಆ ದಿನ ನನಗೆ ಅಡುಗೆಮನೆಯಲ್ಲೇ ಅಳು ಬಂತು. ನನ್ನ ಗಂಡ ಗಾಬರಿಯಾಗಿ, “ಯಾಕೆ, ಊರಿಂದ ಏನಾದ್ರೂ ನ್ಯೂಸ್ ಬಂತಾ?” ಎಂದು ಕೇಳಿದರು. ಊರಿನ ಸುದ್ದಿಯಲ್ಲ ಎಂದೆ.

ಮೇ ತಿಂಗಳಲ್ಲಿ ಒಕಾಬೆ ಸಾನ್ ಲ್ಯಾಬ್‌ಗೆ ಬಂದರು. ಕಣಿವೆಗೆ ಇನ್ನೊಮ್ಮೆ ಬರಬೇಕು ಎಂದರು. ಗುಡ್ಡ ಮತ್ತೆ ನೋಡಿದೆ. ಬಿರುಕು ಸ್ವಲ್ಪ ಅಗಲವಾದಂತೆ ಕಂಡಿತು. ಕೆಳಗೆ ಅವರು ಅದೇ ಜಗಲಿಯಲ್ಲಿ ಕುಳಿತಿದ್ದರು. ಆಗ ನನಗೆ ಗೊತ್ತಿಲ್ಲದ ಸಂಗತಿ ಹೇಳಿದರು. ಆ ಭಾನುವಾರ ಬೆಳಿಗ್ಗೆ ಅವರು ಇದೇ ಕಣಿವೆಯಲ್ಲಿದ್ದರು. ಮಗಳ ಮಾತಿಗೆ ಸೋತು ಈ ಜಾಗವನ್ನೇ ಕೊಳ್ಳಲು ಮನಸ್ಸು ಮಾಡಿ, ಅವಳ ಮೊದಲ ಬೇಟೆಗೆ ಎಲ್ಲಿ ಕೂರಿಸಬೇಕು, ಜಿಂಕೆ ಎಲ್ಲಿಂದ ಇಳಿಯುತ್ತದೆ ಎಂದು ನೋಡಲು ಬಂದಿದ್ದರು. ಮಧ್ಯಾಹ್ನ ಹಳ್ಳಿಗೆ ಇಳಿದಾಗ ಮೊಬೈಲ್‌ನಲ್ಲಿ ಅವಳ ಧ್ವನಿ ಸಂದೇಶವಿತ್ತು. ಅವರು ಅದನ್ನು ನನಗೆ ಕೇಳಿಸಲಿಲ್ಲ, ಬಾಯಿಂದ ಹೇಳಿದರು.

“‘ಅಪ್ಪಾ, ತಲೆ ನೋಯ್ತಿದೆ. ಏನಿಲ್ಲ, ಆಮೇಲೆ ಮಾಡ್ತೀನಿ.’ ಅಷ್ಟೇ ಇತ್ತು.”

ಹಕ್ಕಿಗಳು ಕೂಗುತ್ತಿದ್ದವು. ನಾನು ಹೋಗಿ ಅವರ ಪಕ್ಕದಲ್ಲಿ ಕುಳಿತೆ.

ಆಮೇಲೆ ಅವರು, ಗುರುಗಳನ್ನು ಕರೆಯುವಂತೆ ನನ್ನನ್ನು ಸೆನ್ಸೇ ಎಂದು ಕರೆದು ಕೇಳಿದರು: “ಅವಳು ಬಯಸಿದ್ದು ಈ ಮನೆ. ಅವಳ ಫೋನ್ ನನಗೆ ಮುಟ್ಟದೇ ಹೋದದ್ದೂ ಇಲ್ಲೇ. ಸೆನ್ಸೇ, ಕ್ಷಮಿಸಿ, ನೀವೇ ಹೇಳಿ. ಯಾವುದು ತಗೊಳ್ಳಲಿ?”

ನಾನು ಜಿಂಕೆ ಓದಿದವಳು. ಅವಳ ಆಸೆಯ ಮನೆಯನ್ನೇ ತೆಗೆದುಕೊಳ್ಳಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ದುಃಖದಲ್ಲಿರುವವರಿಗೆ ಅದೇ ಹಿತವೆಂದು ಅನ್ನಿಸಿತ್ತು. ಆದರೆ ಕಣ್ಣೆದುರು ಆ ಬಾಗಿದ ಬುಡಗಳಿದ್ದವು.

“ಒಕಾಬೆ ಸಾನ್, ಈ ಗುಡ್ಡ ಜಾರುತ್ತಿದೆ. ಇಲ್ಲಿ ನಿಮ್ಮನ್ನು ಮಲಗಲು ಬಿಡಲಾರೆ. ಮಯೂಮಿ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದೆ,” ಎಂದೆ.

ಅವರು ಗುಡ್ಡವನ್ನು ನೋಡಿದರು. ಆಮೇಲೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತರು. ಅವರನ್ನು ಬಲ್ಲ ಇಷ್ಟು ದಿನಗಳಲ್ಲಿ ಅವರ ದನಿ ಏರಿದ್ದನ್ನೂ ನಾನು ಕೇಳಿರಲಿಲ್ಲ. ಅತ್ತು ಮುಗಿದ ಮೇಲೆ, “ಹಾಗಾದರೆ ಬೇಡ. ಬೆಟ್ಟ ಬೇಡ ಅಂದಿತು ಅಂತ ಅವಳಿಗೆ ಹೇಳ್ತೀನಿ,” ಎಂದರು.

ಅವರು ಹಳ್ಳಿಯಂಚಿನ ಮನೆ ಕೊಂಡರು. ಬಂದೂಕನ್ನು ಪೊಲೀಸರಿಗೆ ಒಪ್ಪಿಸಿ ಪರವಾನಗಿ ಬಿಟ್ಟುಕೊಟ್ಟರು. ನಾನು ಫುಕುವೋಕಾದಲ್ಲಿದ್ದಷ್ಟು ಕಾಲ ಹೋಗಿ ಬರುತ್ತಿದ್ದೆ; ಚಹಾ ಕೊಡುತ್ತಿದ್ದರು, ಜಿಂಕೆಯ ಮಾತು ಎತ್ತುತ್ತಿರಲಿಲ್ಲ. ಕಣಿವೆಯ ಮನೆಯನ್ನು ಬೇರೆ ಯಾರೋ ಕೊಂಡರು. ನನಗೆ ತಿಳಿದಮಟ್ಟಿಗೆ ಆ ಗುಡ್ಡ ಇಂದಿಗೂ ಕುಸಿದಿಲ್ಲ. ಹಾಗೆಂದು ನಾನು ಹೇಳಿದ್ದು ಸುಳ್ಳಲ್ಲ. ಜಾರುವ ಗುಡ್ಡಗಳೆಲ್ಲ ನಮ್ಮ ಆಯುಷ್ಯದೊಳಗೆ ಕುಸಿಯಬೇಕೆಂದಿಲ್ಲ.

ಮುಂದೆ ಎಷ್ಟೋ ಜನರಿಗೆ ಜಾಗ ನೋಡಿ ಹೇಳಿದ್ದೇನೆ. ಜನ ಮಣ್ಣಿನ ಬಗ್ಗೆ ಕೇಳುವಾಗ ಎಷ್ಟೋ ಸಲ ಕೇಳುತ್ತಿರುವುದು ಮಣ್ಣಿನ ಬಗ್ಗೆ ಅಲ್ಲ. ತಾವೇ ತೀರ್ಮಾನಿಸಿದರೆ ಬದುಕಲಾಗದಂಥದ್ದನ್ನು ನಮ್ಮ ಬಾಯಿಂದ ಕೇಳಲು ಬಂದಿರುತ್ತಾರೆ. ಅಂಥವರು ತಮ್ಮ ಇಡೀ ಭಾರವನ್ನು ನಮ್ಮ ಒಂದು ಮಾತಿನ ಮೇಲೆ ಊರುತ್ತಾರೆ. ಆ ಮಾತು ಹಿತವಾಗಿರಬೇಕಾಗಿಲ್ಲ, ನಿಜವಾಗಿದ್ದರೆ ಸಾಕು ಎಂಬುದನ್ನು ನನ್ನ ಕೆಲಸ ನನಗೆ ಆ ಜಗಲಿಯಲ್ಲಿ ಕಲಿಸಿತು. ಆ ಪಾಠಕ್ಕೆ ಬೆಲೆ ತೆತ್ತವರು ಆ ತಂದೆ ಮಗಳು ಎಂಬುದನ್ನು ಮಾತ್ರ ನನಗೆ ಇಂದಿಗೂ ಒಪ್ಪಿಕೊಳ್ಳಲಾಗಿಲ್ಲ.