ನೆಗ್ಗಿದ ಡ್ರಮ್ಮು, ವ್ಯಾಕ್ಯೂಮ್ ಎಂಬ ಮಾತು

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನಮ್ಮ ಹಿತ್ತಲಿನಲ್ಲಿ ಡ್ರಮ್ಮು ನೆಗ್ಗಿತು. ನೆಗ್ಗಿತು ಎಂದರೆ ಸಾಲದು. ಇನ್ನೂರು ಲೀಟರಿನ ಕಬ್ಬಿಣದ ಡ್ರಮ್ಮು ಢಂ ಎಂದು, ನನ್ನ ಕಣ್ಣೆದುರಿಗೇ ಹಿಂಡಿದ ಬಟ್ಟೆಯಂತಾಯಿತು.

ರಾಬರ್ಟ್‌ಸನ್‌ಪೇಟೆಯಿಂದ ತಂದ ಹಳೆಯ ಅಡುಗೆ ಎಣ್ಣೆ ಡ್ರಮ್ಮು ಅದು. ಜಿಡ್ಡು ಹೋಗಲೆಂದು ನನ್ನ ಗಂಡ ಅದರೊಳಗೆ ಎರಡು ಬಿಂದಿಗೆ ನೀರು ಹಾಕಿ ಸೌದೆ ಒಲೆಯ ಮೇಲೆ ಕುದಿಸಿದ್ದರು. ಕೆಳಗಿಳಿಸಿ, ಧೂಳು ಬೀಳದಿರಲೆಂದು ಮುಚ್ಚಳ ತಿರುಗಿಸಿ, ಬೇಗ ಆರಲೆಂದು ಮೇಲೆ ತಣ್ಣೀರು ಸುರಿದರು. ಅಷ್ಟೇ.

ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆಗಳವರೆಲ್ಲ ಬೀದಿಗೆ ಬಂದರು. ಚಿನ್ನದ ಗಣಿ ನಡೆಯುತ್ತಿದ್ದಾಗ ಆಳದಲ್ಲಿ ಬಂಡೆ ಸಿಡಿದರೆ ಇಲ್ಲಿ ಪಾತ್ರೆಗಳು ಕುಣಿಯುತ್ತಿದ್ದವಂತೆ. ಗಣಿ ಮುಚ್ಚಿ ವರ್ಷಗಳಾದರೂ ಕಾಲುಗಳು ಆ ಪಾಠ ಮರೆತಿಲ್ಲ. ಒಳಗೆ ಕಾಫಿ ಕುಡಿಯುತ್ತಿದ್ದ ಅತ್ತೆ ಲೋಟದ ಸಮೇತ ಎಲ್ಲರಿಗಿಂತ ಮುಂದಿದ್ದರು. ಸದ್ದು ಇದರದ್ದೇ ಎಂದು ನಾನು ಡ್ರಮ್ಮು ತೋರಿಸಿದರೆ, ಅದನ್ನೇ ಸಾಕ್ಷಿ ಮಾಡಿಕೊಂಡರು.

"ಭೂಮಿ ಅಳ್ಳಾಡ್ತು, ಅದ್ಕೇ ಡ್ರಮ್ಮು ನೆಗ್ಗೋಯ್ತು. ನಾನಿನ್ನು ಈ ಮನೇಲಿ ಮಲಗಲ್ಲ ಕಣಮ್ಮ."

ಅವರು ಮದುವೆಯಾಗಿ ಬಂದಂದಿನಿಂದ ಇದ್ದ ಮನೆ. ಮಧ್ಯಾಹ್ನದ ರೈಲಿಗೆ ಮೂವರೂ ಬಂಗಾರಪೇಟೆ ಹತ್ತಿರದ ನನ್ನ ತವರಿಗೆ ಹೊರಟೆವು. ಅಲ್ಲಿಯೂ ಅತ್ತೆಗೆ ನಿದ್ದೆಯಿಲ್ಲ. ಹೊರಳಿದಾಗಲೆಲ್ಲ ಚಾಪೆ ಸದ್ದಾಗುತ್ತಿತ್ತು. ನನ್ನ ಭಯ ಬೇರೆ. ಡ್ರಮ್ಮು ಇನ್ನೂ ಉರಿಯ ಮೇಲಿದ್ದಾಗಲೇ ನನ್ನ ಗಂಡ ಮುಚ್ಚಳ ಹಿಡಿದು ಬಗ್ಗಿದ್ದರು. ಫೋನು ಬಂತು, ಮುಚ್ಚಳ ಗೋಡೆಯ ಮೇಲಿಟ್ಟು ಹೋದರು. ಆಗಲೇ ಬಿಗಿದಿದ್ದರೆ ಆವಿಗೆ ದಾರಿಯಿರದೆ ಡ್ರಮ್ಮು ಹೊರಕ್ಕೆ ಸಿಡಿಯುತ್ತಿತ್ತು. ಕಣ್ಣು ಮುಚ್ಚಿದರೆ ಆ ಬಗ್ಗಿದ ಬೆನ್ನೇ ಕಾಣುತ್ತಿತ್ತು.

ಬಿಎಸ್ಸಿ ಓದಿದವಳಿಗೆ ನಡೆದದ್ದರ ಹೆಸರು ಗೊತ್ತಿತ್ತು. ವ್ಯಾಕ್ಯೂಮ್. ಲ್ಯಾಟಿನ್ನಿನಲ್ಲಿ ಬರೀ ಖಾಲಿ ಎಂದರ್ಥ. ವೇಕೆನ್ಸಿ, ವೆಕೇಷನ್ ಎಲ್ಲ ಅದೇ ಬೇರಿನವು. ಅಪಾಯವೆಂದು ಜನರನ್ನು ತೆರವು ಮಾಡಿಸುವ ಇವ್ಯಾಕ್ಯುಯೇಟ್ ಎಂಬ ಮಾತು ಕೂಡ. ನಮ್ಮ ಕನ್ನಡದ ನಿರ್ವಾತಕ್ಕೆ ಗಾಳಿಯೊಂದಿಲ್ಲದಿದ್ದರೆ ಸಾಕು. ಬೆಳಿಗ್ಗೆ ಮುದ್ದೆ ಉಣ್ಣುತ್ತ ಇದನ್ನೆಲ್ಲ ಹೇಳಿದೆ. ನನ್ನಮ್ಮನಿಗೆ ವ್ಯಾಕ್ಯೂಮ್ ಎಂದರೆ ಹಾಲು ಕರೆಯುವ ಮಿಷನ್ನಿನ ಎಳೆತ. ಕರೆಂಟು ಹೋದರೆ "ವ್ಯಾಕ್ಯೂಮ್ ಓಯ್ತು" ಎನ್ನುತ್ತಾಳೆ. ರೈಲ್ವೆಯಲ್ಲಿದ್ದ ಅಪ್ಪನಿಗೆ ಅದು ಹಳೆಯ ಗಾಡಿಗಳ ಬ್ರೇಕು. ಮುಖಂಡ ಸತ್ತ ಪಕ್ಷಕ್ಕೂ ಟಿವಿಯವರು ಅದನ್ನೇ ಅಂಟಿಸುತ್ತಾರೆ. ಅತ್ತೆ ಎಲ್ಲ ಕೇಳಿ, ಭೂಮಿ ಅಳ್ಳಾಡಿದ್ದಂತೂ ನಿಜ ಎಂದರು.

ಬುಧವಾರ ನಾನು ಅಂಗಳದಲ್ಲಿ ಒಲೆ ಹೂಡಿದೆ. ಸಣ್ಣ ಎಣ್ಣೆ ಡಬ್ಬಿ, ತಳದಲ್ಲಿ ಒಂದಿಷ್ಟು ನೀರು. ಬಾಯಿ ತೆರೆದಿಟ್ಟೇ ಕುದಿಸಿ, ಇಳಿಸಿದ ಮೇಲೆ ಮುಚ್ಚಿ, ತಣ್ಣೀರು ಹೊಯ್ದೆ. ಏನೂ ಆಗಲಿಲ್ಲ, ಮುಚ್ಚಳ ಸಡಿಲ.

"ನಿನ್ ವ್ಯಾಕ್ಯೂಮು ವೆಕೇಷನ್‌ಗೆ ಓಗೈತೆ," ಎಂದರು ಅತ್ತೆ.

ಕುದಿಸಿ, ಇಳಿಸಿ, ಬಿಗಿಯಾಗಿ ಮುಚ್ಚಿದ ಎರಡನೆಯ ಡಬ್ಬಿಗೆ ಅವರೇ ತಣ್ಣೀರು ಹೊಯ್ದರು. ಟಪ್ಪೆಂದು ಡಬ್ಬಿಯ ಹೊಟ್ಟೆ ಒಳಕ್ಕೆ ಹೋಯಿತು. ಅವರು ಹಾರಿ ಹಿಂದೆ ಸರಿದರು. ಆಮೇಲೆ ಕೂತು ಅಂಗೈಯನ್ನು ನೆಲಕ್ಕೆ ಒತ್ತಿ, ಬಹಳ ಹೊತ್ತು ಹಾಗೇ ಇದ್ದರು.

"ನೆಲ ಅಳ್ಳಾಡ್ಲಿಲ್ಲ. ಮತ್ತೆ ಒಡೆದೋರ್ಯಾರು?"

ಹೊರಗಿನ ಗಾಳಿ, ಒಳಗಿನ ಗಾಳಿಯನ್ನು ಓಡಿಸಿದ್ದ ಆವಿ ತಣಿದು ನೀರಾಯಿತು, ಒಳಗಿನಿಂದ ತಿರುಗಿ ತಳ್ಳಲು ಏನೂ ಇರಲಿಲ್ಲ, ಎಂದೆ. ಇನ್ನೊಂದು ಡಬ್ಬಿ ಕೇಳಿದರು. ಅದೂ ನೆಗ್ಗಿದ ಮೇಲೆ ಎದ್ದು ಸೆರಗು ಕೊಡವಿದರು. "ಏಳಮ್ಮ, ಸಂಜೆ ರೈಲೈತೆ."

ಉರಿಯ ಮೇಲೆಯೇ ಮುಚ್ಚಳ ಬಿಗಿದಿದ್ದರೆ ಏನಾಗುತ್ತಿತ್ತೆಂದು ರೈಲಿನಲ್ಲಿ ಇವರಿಗೆ ಹೇಳಿದೆ. ಇವರು ನನ್ನ ಕೈ ಹಿಡಿದು, "ಅವತ್ತು ಬಂದ ಫೋನು ರಾಂಗ್ ನಂಬರ್ ಕಣೇ. ಆ ಪುಣ್ಯಾತ್ಮನಿಗೆ ಬಿರಿಯಾನಿ ಕೊಡಿಸ್ಬೇಕು," ಎಂದರು. ನನಗೆ ನಗು, ಅಳು ಒಟ್ಟಿಗೇ ಬಂದವು.

ಗುರುವಾರ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗಲೇ ನನಗೆ ಎಚ್ಚರ. ಪಕ್ಕದ ಕೋಣೆಯಲ್ಲಿ ಅತ್ತೆ ಇನ್ನೂ ಗೊರಕೆ ಹೊಡೆಯುತ್ತಿದ್ದರು.