ಕಮಲಾವತಿ ಹೆಣೆದ ಅಡ್ಡತಟ್ಟಿ

ಕಾಣಿಯೂರಿನಲ್ಲಿ ಬಸ್ಸಿಳಿದು ಒಳಗೆ ನಡೆದರೆ ನೇರಳೆಬೈಲು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಭಜನಾ ಮಂದಿರದ ಅಂಗಳದಲ್ಲಿ ಕಮಲಾವತಿ ಕಾಲು ಚಾಚಿ ಕುಳಿತು ತೆಂಗಿನ ಮಡಲು ಹೆಣೆಯುತ್ತಿದ್ದಾರೆ. ಸೀಳಿದ ಮಡಲು ನಿನ್ನೆಯೇ ನೀರಿನಲ್ಲಿ ನೆನೆದಿದೆ. ನೆನೆಯದ ಗರಿ ಬಳುಕುವುದಿಲ್ಲ. ಒಂದು ಗರಿ ಮೇಲೆ, ಒಂದು ಕೆಳಗೆ. ಮಗಳಿಗೆ ಜಡೆ ಹಾಕುವ ತಾಯಿಯ ಹಾಗೆ ಬೆರಳುಗಳು ತಮ್ಮಷ್ಟಕ್ಕೆ ಓಡುತ್ತವೆ.

ನಾಳೆ ಮಂದಿರದ ವಾರ್ಷಿಕೋತ್ಸವ. ವೇಷ ಕಟ್ಟುವ ಚೌಕಿಗೂ ಅಡುಗೆ ಚಪ್ಪರಕ್ಕೂ ಮರೆಗೆ ತಟ್ಟಿ ಬೇಕು. ಊರಿನ ಮದುವೆಗಳೆಲ್ಲ ಶಾಮಿಯಾನಕ್ಕೆ ಹೋದರೂ ಮಂದಿರದವರು ಮಡಲು ಬಿಟ್ಟಿಲ್ಲ. ಗಂಡ ಜತ್ತಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆದದ್ದು ಈ ಕೈಗಳಲ್ಲೇ. ದಿನಕ್ಕೆ ಹದಿನೈದು ತಟ್ಟಿ ಏಳುತ್ತದೆ.

"ಹೆಣೆದರೆ ಬೆನ್ನು ನೋಯುದು, ಹೆಣೆಯದಿದ್ರೆ ಬೆರಳು ನೋಯುದು. ಎಂತ ಮಾಡುದು?" ಎಂದು ನಗುತ್ತಾರೆ.

ಇಷ್ಟು ತಟ್ಟಿಗಳಲ್ಲಿ ಒಂದು ಮಾತ್ರ ಅವರ ಕೈಗೆ ಭಾರವಾಗುತ್ತಿತ್ತು. ಅದು ಊಟದ ಚಪ್ಪರದ ಅಡ್ಡತಟ್ಟಿ. ಅದರ ಆಚೆ ಊರವರ ಪಂಕ್ತಿ, ಈಚೆ ಕಮಲಾವತಿಯ ಕೇರಿಯವರ ಪಂಕ್ತಿ. ಅತ್ತೆಯ ಕಾಲದಿಂದಲೂ ಅದನ್ನು ಹೆಣೆದವರು ಅವರ ಮನೆಯ ಹೆಂಗಸರೇ. ಯಾರೂ ಗದರಿಸುತ್ತಿರಲಿಲ್ಲ. ಪಾಯಸವೂ ಬರುತ್ತಿತ್ತು, ಆಚೆಯವರದು ಮುಗಿದ ಮೇಲೆ. ಒಂದು ದಿನವಾದರೂ ಆಚೆ ಕುಳಿತು ಉಣ್ಣಬೇಕೆಂಬ ಆಸೆಯನ್ನು ಅವರು ಯಾರಲ್ಲೂ ಹೇಳಿರಲಿಲ್ಲ.

ಕಳೆದ ವರ್ಷ ಊರಿನ ತಂಡ ಬೆಳಗ್ಗೆಯೇ ಯಕ್ಷಗಾನ ಆಡಿತು. ದೇವಿ ಹರಕು ಸೀರೆಯ ಅಜ್ಜಿಯಾಗಿ ಸಿರಿವಂತನ ಮನೆಯ ಸಂತರ್ಪಣೆಗೆ ಬರುತ್ತಾಳೆ. ಅವಳನ್ನು ತಟ್ಟಿಯ ಹಿಂದೆ ಕೂರಿಸುತ್ತಾರೆ. ಅವಳು ನಿಜರೂಪ ತಾಳಿ ತಟ್ಟಿಯನ್ನು ಕಿತ್ತೆಸೆಯುತ್ತಾಳೆ. ದೇವಿಯ ವೇಷ ರಿಕ್ಷಾ ಓಡಿಸುವ ಧರ್ಮಪಾಲನದು. ರಂಗಸ್ಥಳಕ್ಕೊಂದು ತಟ್ಟಿ ಬೇಕೆಂದು ಅವನು ಕೇಳಿದಾಗ ಕಮಲಾವತಿ ಊಟದ ಚಪ್ಪರದ್ದನ್ನೇ ಬಿಚ್ಚಿಕೊಟ್ಟರು. ಆಟ ಮುಗಿದ ಮೇಲೆ ಕಟ್ಟಿದರಾಯಿತು ಎಂದ ಅವನು. ಅವರು ಬಿಚ್ಚಿದ ಹಗ್ಗವನ್ನು ಸುತ್ತಿಟ್ಟರು.

ಆದರೆ ಅವನು ಮರೆತ ಕಟ್ಟಳೆಯೊಂದು ಊರಿನಲ್ಲಿದೆ: ದೇವಿಯ ವೇಷದ ಕೈ ಕಿತ್ತದ್ದನ್ನು ಮತ್ತೆ ಕಟ್ಟುವಂತಿಲ್ಲ, ಅದು ಪ್ರಸಾದ. ಧರ್ಮಪಾಲ ತಟ್ಟಿ ಎಳೆದದ್ದೇ ತಡ, ಜನ ಒಂದೊಂದು ಗರಿ ಕಿತ್ತು ದನದ ಹಟ್ಟಿಯ ಬಾಗಿಲಿಗೆ ಸಿಕ್ಕಿಸಲು ಇಟ್ಟುಕೊಂಡರು.

ಎಲೆ ಹಾಕುವ ಹೊತ್ತಿಗೆ ಅಡ್ಡತಟ್ಟಿ ಇಲ್ಲ. ಮಂದಿರದ ಅಧ್ಯಕ್ಷ ಸರ್ವೋತ್ತಮರು ಆಚೀಚೆ ನೋಡಿ, ಇನ್ನೊಂದು ಹೆಣೆಯಲಾಗುತ್ತದೆಯೇ ಎಂದು ವಿಚಾರಿಸಿದರು.

"ಮಡಲು ಉಂಟು ಧನಿಗಳೇ, ಹೆಣೆಯುವ," ಎಂದರು ಕಮಲಾವತಿ. "ಅಷ್ಟರಲ್ಲಿ ಸಾಂಬಾರು ಆರ್ತದೆ. ಮತ್ತೆ ದೇವಿ ಈಗಷ್ಟೇ ಕಿತ್ತದ್ದಲ್ವಾ, ಅವರ ಹತ್ರವೂ ಒಂದು ಮಾತು ಕೇಳಿ."

ದೇವಿಯ ವೇಷ ಹಿಂದೆಯೇ ನಿಂತಿತ್ತು, ಕಿರೀಟ ಸಮೇತ. "ನನ್ನ ಹತ್ರ ಕೇಳ್ಬೇಡಿ ಮಾರಾಯ್ರೆ, ನನಗೆ ಹಸಿವಾಗ್ತಾ ಉಂಟು," ಎಂದು ಸದಾ ಆಚೆ ಉಣ್ಣುವ ಧರ್ಮಪಾಲ ಕಮಲಾವತಿಯ ಪಕ್ಕದ ಎಲೆಗೆ ಕುಳಿತೇಬಿಟ್ಟ. ಚಪ್ಪರವಿಡೀ ನಕ್ಕಿತು. ಎರಡು ಮೂರು ಮಂದಿ ಉಣ್ಣದೆ ಮನೆಗೆ ಹೋದರು. ಸರ್ವೋತ್ತಮರು ಹೋದವರ ಬೆನ್ನು ನೋಡಿದರು. ಆಮೇಲೆ ಪಂಚೆ ಮೇಲೆತ್ತಿ ಅದೇ ಪಂಕ್ತಿಯಲ್ಲಿ ಕುಳಿತರು.

ಈ ಸಲ ಅಡ್ಡತಟ್ಟಿ ಬೇಡವೆಂದು ಸರ್ವೋತ್ತಮರೇ ಹೇಳಿ ಕಳುಹಿಸಿದ್ದಾರೆ. ಇನ್ನೇನು ಬೇಕು ಎಂದು ಕೇಳಿದರೆ ಕಮಲಾವತಿಯ ಕೈ ಒಂದು ಗಳಿಗೆ ನಿಲ್ಲುತ್ತದೆ. ನೋಟ ಅಡುಗೆ ಚಪ್ಪರದ ಕಡೆಗೆ. ಅವರು ಅದರೊಳಗೆ ಹೋಗುವುದು ತಟ್ಟಿ ಕಟ್ಟುವುದಕ್ಕೆ ಮಾತ್ರ, ಅದೂ ಒಲೆ ಹೊತ್ತಿಸುವ ಮೊದಲು.

"ಉಂಡದ್ದಾಯ್ತು. ಇನ್ನು ಒಮ್ಮೆ ಬಡಿಸ್ಬೇಕು," ಎನ್ನುತ್ತಾರೆ, ಮತ್ತೆ ಗರಿ ಹಿಡಿಯುತ್ತ. "ಪಾಯಸದ ಬಾಲ್ದಿ ನನ್ನ ಕೈಗೆ ಕೊಟ್ಟು ನೋಡ್ಲಿ. ಧನಿಗಳು ಸಾಕು ಅಂದ್ರೂ ಇನ್ನೊಂದು ಸೌಟು ಹಾಕ್ತೇನೆ."