ಮಂಗಳಕ್ಕ ಎಡಕ್ಕೆ ತಿರುಗಿದ್ದು

ಪತ್ರಿಕೆಯ ಡೆಸ್ಕಿನಲ್ಲಿ ಕೂತಿದ್ದಷ್ಟು ಕಾಲ ಇಂಥ ಬರಹಗಳನ್ನು ನಾನು ಅಚ್ಚಿಗೆ ಬಿಟ್ಟವನಲ್ಲ. ಸತ್ತ ಅಜ್ಜಿ ಕರೆದಳು, ಖಾಲಿ ಕುರ್ಚಿ ಅಲ್ಲಾಡಿತು ಎಂದು ಯಾರಾದರೂ ಭಾನುವಾರದ ಪುರವಣಿಗೆ ಬರೆದು ಕಳಿಸಿದರೆ, ಅಂಚಿನಲ್ಲಿ ಎರಡು ಪ್ರಶ್ನೆ ಗೀಚಿ ವಾಪಸ್ ಕಳಿಸುತ್ತಿದ್ದೆ. ನೋಡಿದವರು ಬೇರೆ ಯಾರು? ಅವರನ್ನು ಕೇಳಿದಿರಾ? ಉತ್ತರ ಬಂದದ್ದು ಕಡಿಮೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಆ ಎರಡೂ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರವಿದೆ. ಇದ್ದೂ ಪ್ರಯೋಜನವಾಗಿಲ್ಲ.

ಇದು ನಡುರಾತ್ರಿಯಲ್ಲಿ ನಡೆದದ್ದಲ್ಲ. ಐದಾರು ವರ್ಷದ ಹಿಂದೆ, ಯಡಿಯೂರು ಕೆರೆಯ ಹತ್ತಿರದ ನಮ್ಮ ಮನೆಯ ಹಾಲಿನಲ್ಲಿ, ಫ್ಯಾನು ತಿರುಗುತ್ತಿರುವಾಗ, ಹಾಡಹಗಲಲ್ಲಿ ನಡೆದದ್ದು. ಅವತ್ತು ಬೆಳಗಿನ ಜಾವ ನನ್ನ ಅಕ್ಕ ಸರ್ವಮಂಗಳ ತೀರಿಕೊಂಡಿದ್ದಳು. ನಮಗೆಲ್ಲ ಮಂಗಳಕ್ಕ.

ಮೊದಲು ಅವಳ ಕತ್ತಿನ ವಿಷಯ ಹೇಳಬೇಕು. ಕಿವಿಯ ಹಿಂದಿನ ಉಬ್ಬುಮೂಳೆಯಿಂದ ಕತ್ತಿನ ಪಕ್ಕದಲ್ಲಿ ಓರೆಯಾಗಿ ಇಳಿದು, ಎದೆಮೂಳೆಗೂ ಕಾಲರ್ ಬೋನಿಗೂ ಅಂಟಿಕೊಳ್ಳುವ ಒಂದು ದಪ್ಪ ಸ್ನಾಯು ನಮ್ಮೆಲ್ಲರಿಗೂ ಎರಡೂ ಕಡೆ ಇದೆ. ಕನ್ನಡಿಯ ಮುಂದೆ ಮುಖ ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಅದು ಎದ್ದು ಕಾಣುತ್ತದೆ. ಎಡಗಡೆಯದು ಬಿಗಿದರೆ ತಲೆ ಎಡಕ್ಕೆ ವಾಲಿ ಮುಖ ಬಲಕ್ಕೆ ತಿರುಗುತ್ತದೆ. ಮಂಗಳಕ್ಕನಿಗೆ ಹುಟ್ಟಿನಿಂದಲೇ ಎಡಗಡೆಯ ಸ್ನಾಯು ಗಿಡ್ಡ. ಬರುಬರುತ್ತ ಅದು ಮಾಂಸವೇ ಅಲ್ಲ, ಹಗ್ಗ ಅನ್ನುವ ಹಾಗೆ ಗಟ್ಟಿಯಾಯಿತು. ಹಾಗಾಗಿ ಅವಳ ತಲೆ ಯಾವಾಗಲೂ ಎಡಭುಜದ ಕಡೆಗೆ, ಮುಖ ಬಲಕ್ಕೆ. ಎಡಗಡೆ ಇರುವವರನ್ನು ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು.

ಅವಳು ಅತ್ತುಕೊಂಡು ಕೂತವಳಲ್ಲ. ಬನಶಂಕರಿಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಫೋನನ್ನು ಎಡಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಎರಡೂ ಕೈಯಲ್ಲಿ ಟೈಪ್ ಮಾಡುತ್ತ, "ನೋಡೋ, ದೇವರು ಸ್ಟ್ಯಾಂಡ್ ಫಿಟ್ ಮಾಡೇ ಕಳಿಸಿದಾನೆ" ಅನ್ನುತ್ತಿದ್ದಳು. ಹೆಣ್ಣು ನೋಡಲು ಬಂದ ಹುಡುಗನ ತಾಯಿ ಒಮ್ಮೆ, "ಹುಡುಗಿ ನಮ್ಮುಡುಗನ್ನ ಬಿಟ್ಟು ಅಡುಗೆಮನೆ ನೋಡ್ತಿದಾಳಲ್ಲ!" ಎಂದು ನಕ್ಕರು. ಮಂಗಳಕ್ಕ, "ಅಲ್ಲಿ ಬೋಂಡ ಸೀದೋಗ್ತಿದೆ ಆಂಟಿ" ಅಂದಳು. ಅವರು ಮತ್ತೆ ಬರಲಿಲ್ಲ. ಬೇರೆಯವರೂ ಬರಲಿಲ್ಲ.

ಅವಳಿಗೆ ಆರೇಳು ವರ್ಷವಿದ್ದಾಗ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು, ಚಿಕ್ಕ ಆಪರೇಷನ್ನು, ಸ್ನಾಯುವಿನ ಬುಡ ಬಿಡಿಸಿದರೆ ಸಾಕು, ಹುಡುಗಿ ಸರಿಹೋಗುತ್ತಾಳೆ ಎಂದಿದ್ದರು. ನಮ್ಮ ದೊಡ್ಡಣ್ಣ ಆಗತಾನೆ ಮೆಡಿಕಲ್ ಕಾಲೇಜು ಸೇರಿದ್ದ. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಅಪ್ಪ ಅವನನ್ನು ಕೇಳಿದರು. ಅಣ್ಣ, "ಬೇಡ ಅಪ್ಪ. ಆ ಸ್ನಾಯು ಕೆಳಗೇ ಮಿದುಳಿಗೆ ರಕ್ತ ಹೋಗೋ ನಾಳ ಇರೋದು. ಕೈ ತಪ್ಪಿದ್ರೆ ಮುಗೀತು" ಎಂದ. ಓದಿದ ಮಗ ಹೇಳಿದ ಮೇಲೆ ಅಪ್ಪ ಇನ್ನೊಬ್ಬರನ್ನು ಕೇಳಲಿಲ್ಲ.

ಅವತ್ತು ಅವನಿಗೆ ನಿಜವಾಗಿ ಹೆದರಿಕೆಯಿತ್ತೋ ಏನೋ. ಇದ್ದಿರಬಹುದು, ಹುಡುಗ. ಆದರೆ ಆಮೇಲೆ ಅವನು ಡಾಕ್ಟರಾದ, ಅನಾಟಮಿ ಮೇಷ್ಟ್ರಾದ. ಮೇಷ್ಟ್ರಾದ ಹೊಸತರಲ್ಲಿ ಒಂದು ಭಾನುವಾರ ಕ್ಯಾಮೆರಾ ತಂದು, ಹಾಲಿನ ಕಿಟಕಿಯ ಬಳಿ ಮಂಗಳಕ್ಕನನ್ನು ಕೂರಿಸಿ, ಸರ ಬಿಚ್ಚಿಸಿ, ಅವಳ ಕತ್ತಿನ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ. ಆ ಸ್ನಾಯುವಿನ ಮುಂದೊಂದು ತ್ರಿಕೋನ, ಹಿಂದೊಂದು ತ್ರಿಕೋನ. ಸಾಮಾನ್ಯ ಕತ್ತಿನಲ್ಲಿ ಹುಡುಕಬೇಕಾದದ್ದು ಇವಳಲ್ಲಿ ತಾನಾಗಿ ಎದ್ದು ಕಾಣುತ್ತಿತ್ತು. ಹೈಸ್ಕೂಲಿನಲ್ಲಿದ್ದ ಮಂಗಳಕ್ಕ, "ನನ್ ಫೋಟೊ ಕಾಲೇಜಲ್ಲಿ ತೋರಿಸ್ತಾರಂತೆ" ಎಂದು ಪಕ್ಕದ ಮನೆಗೂ ಹೋಗಿ ಹೇಳಿ ಬಂದಳು. ಉಜ್ಜಿದರೂ ಗೆರೆ ಹೋಗದೆ ಮಾರನೇ ದಿನ ಕತ್ತಿಗೆ ಕರ್ಚೀಫು ಕಟ್ಟಿಕೊಂಡು ಶಾಲೆಗೆ ಹೋದಳು. ಫೋಟೊ ತೊಳೆದು ಬಂದಾಗ ಅದರಲ್ಲಿ ಕಿವಿಯಿಂದ ಭುಜದವರೆಗೆ ಮಾತ್ರ ಇತ್ತು. ಮುಖ ಕತ್ತರಿಸಿದ್ದ.

ಆಪರೇಷನ್ನಿನ ಮಾತು ಅವನು ಆಗಲೂ ಎತ್ತಲಿಲ್ಲ.

ದೊಡ್ಡವರಾದ ಮೇಲೆ ನಾನು ಒಂದನ್ನು ಗಮನಿಸಿದೆ. ಅಣ್ಣ ಜೆ.ಪಿ. ನಗರದಿಂದ ಹಬ್ಬಕ್ಕೆ ಬಂದರೆ ಊಟಕ್ಕೆ ಯಾವಾಗಲೂ ಮಂಗಳಕ್ಕನ ಎಡಗಡೆ ಕೂರುತ್ತಿದ್ದ. ಕಾರಿನಲ್ಲೂ ಹಾಗೇ, ಮದುವೆಮನೆಯ ಕುರ್ಚಿ ಸಾಲಿನಲ್ಲೂ ಹಾಗೇ. ಅಲ್ಲಿ ಕೂತರೆ ಅವಳ ನೋಟ ತಾಗುವುದಿಲ್ಲ. ಒಂದು ಯುಗಾದಿಯ ದಿನ ಅವಳು ಎಲೆಯ ಮುಂದೆ ಇಡೀ ಮೈ ತಿರುಗಿಸಿ ಕೇಳಿಯೇ ಬಿಟ್ಟಳು: "ಅಣ್ಣಾ, ಅವತ್ತು ಅಪ್ಪಂಗೆ ಬೇಡ ಅಂತ ಯಾಕಂದೆ?" ಅಣ್ಣ ಒಬ್ಬಟ್ಟು ಅರ್ಧಕ್ಕೆ ಬಿಟ್ಟು, ಕ್ಲಾಸಿದೆ ಎಂದು ಎದ್ದ. ಯುಗಾದಿಗೆ ಕ್ಲಾಸು.

ಸಂಜೆ ಅವಳು ನನಗೆ ಹೇಳಿದಳು. "ಉತ್ತರ ಏನಾದ್ರೂ ಇರ್ಲಿ ಕಣೋ. ಹೆದರ್ಕೊಂಡೆ ಅಂದ್ರೂ ಸರಿ, ಮರ್ತೋಯ್ತು ಅಂದ್ರೂ ಸರಿ. ನನ್ ಮುಖ ನೋಡ್ಕೊಂಡು ಹೇಳ್ಬೇಕು, ಅಷ್ಟೆ." ಅದೊಂದಕ್ಕೆ ಅವಳು ಕೊನೆಯವರೆಗೂ ಕಾದಳು. ಕಾಯಿಲೆ ಬಿದ್ದಾಗಲೂ ಬಾಗಿಲಲ್ಲಿ ಕಾರಿನ ಸದ್ದಾದರೆ, "ದೊಡ್ಡಣ್ಣನಾ?" ಅನ್ನುತ್ತಿದ್ದಳು. ಅವನು ಬರುತ್ತಿದ್ದ, ರಿಪೋರ್ಟು ನೋಡುತ್ತಿದ್ದ, ಮಂಚದ ಎಡಗಡೆ ನಿಲ್ಲುತ್ತಿದ್ದ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮಣ್ಣು ಮಾಡುವುದೂ ಕೂರಿಸಿಯೇ. ಮೀಯಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ತಲೆ ಬೀಳದಂತೆ ಹಣೆಗೆ ಬಿಳಿ ಬಟ್ಟೆ ಸುತ್ತಿ ಹಿಂದಕ್ಕೆ ಕಟ್ಟುತ್ತಾರೆ. ಮಂಗಳಕ್ಕನನ್ನು ಕೂರಿಸಿದ್ದು ಹಾಲಿನ ಅದೇ ಕಿಟಕಿಯ ಕೆಳಗೆ. ಬಟ್ಟೆಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ತಲೆಯನ್ನು ನೆಟ್ಟಗೆ ಮಾಡಲು ನೋಡಿದರು, ಆಗಲಿಲ್ಲ. ಅಣ್ಣ ಕೂತಲ್ಲಿಂದಲೇ, "ಎಳೀಬೇಡಿ ಅಯ್ನೋರೆ, ಅದು ಬರಲ್ಲ. ಆ ಸ್ನಾಯು ನಾರಾಗಿಬಿಟ್ಟಿದೆ. ಸಾಲದ್ದಕ್ಕೆ ಮೈ ಬೇರೆ ಸೆಟೆದುಕೊಳ್ತಿದೆ. ಕತ್ತರಿಸದೆ ತಿರುಗೋದಿಲ್ಲ" ಎಂದ. ಈ ಮಾತನ್ನು ನೆನಪಿಡಿ. ಹೇಳಿದವನು ಆಯಸ್ಸೆಲ್ಲ ಕತ್ತಿನ ಪಾಠ ಮಾಡಿದವನು. ಹಾಗಾಗಿ ಅವಳನ್ನು ಅವಳಿದ್ದ ಹಾಗೇ ಕೂರಿಸಿ ಹಾರ ಹಾಕಿದರು. ಅಣ್ಣನ ಕುರ್ಚಿ ಅವಳ ಎಡಗಡೆಗಿತ್ತು.

ಮಧ್ಯಾಹ್ನ ಜನ ಕರಗಿದ ಮೇಲೆ ಅಣ್ಣನ ಹಳೆಯ ವಿದ್ಯಾರ್ಥಿನಿ ರೂಪಾ ಎಂಬವರು ಬಂದರು. ಜಯನಗರದಲ್ಲಿ ಸರ್ಜನ್. ಮೇಷ್ಟ್ರ ಮನೆಯಲ್ಲಿ ಸಾವು ಎಂದಷ್ಟೇ ಅವರಿಗೆ ಗೊತ್ತಿತ್ತು. ಕೈಮುಗಿದು ಅಣ್ಣನ ಬಳಿ ನಿಂತವರು ಮಂಗಳಕ್ಕನ ಕಡೆ ನೋಡಿದರು, ಬಗ್ಗಿ ಮತ್ತೊಮ್ಮೆ ನೋಡಿದರು. ಅವಳ ಕಿವಿಯ ಕೆಳಗೆ, ಆ ಹಗ್ಗದಂಥ ಸ್ನಾಯುವಿನ ಹಿಂದೆ, ಎರಡು ಮಚ್ಚೆ ಜೊತೆಯಾಗಿದ್ದವು.

"ಸಾರ್, ಇದು ನಮ್ಮ ಕ್ಲಾಸಿನ ಸ್ಲೈಡ್, ಆ ಕತ್ತಿನ ಫೋಟೊ, ಅಲ್ವಾ?" ಎಂದರು. ಕೂಡಲೇ ನಾಲಿಗೆ ಕಚ್ಚಿಕೊಂಡರು. "ಸಾರಿ ಸಾರ್. ಆ ಎರಡು ಮಚ್ಚೆ ಮಧ್ಯೆ ನರ ಹೋಗುತ್ತೆ ಅಂತ ನೀವು ಹೇಳ್ಕೊಟ್ಟಿದ್ದು... ಈಗ್ಲೂ ಕತ್ತಿನ ಆಪರೇಷನ್ ಮಾಡುವಾಗೆಲ್ಲ ಅದೇ ಕಣ್ಮುಂದೆ ಬರುತ್ತೆ. ನಾವು ಯಾರೋ ಪೇಷಂಟ್ ಅಂದ್ಕೊಂಡಿದ್ವಿ. ನಿಮ್ಮ ತಂಗಿನಾ ಸಾರ್?"

ಅಣ್ಣ ಹೂಂಗುಟ್ಟಿದ.

"ಮತ್ತೆ ಚಿಕ್ಕವರಿದ್ದಾಗ ಆಪರೇಷನ್ ಯಾಕೆ ಮಾಡಿಸ್ಲಿಲ್ಲ ಸಾರ್?"

ಆಕೆ ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಡಾಕ್ಟರು ಡಾಕ್ಟರನ್ನು ಕೇಳುವ ಹಾಗೆ ಕೇಳಿದರು. ಹಾಲಿನಲ್ಲಿ ಆಗ ಇದ್ದವರು ನಾವು ನಾಲ್ವರೇ: ಅಣ್ಣ, ಆಕೆ, ಊದುಬತ್ತಿ ಬದಲಿಸುತ್ತಿದ್ದ ಅಯ್ನೋರು, ನಾನು. ನಾನು ಅಣ್ಣನ ಮುಖವನ್ನೇ ನೋಡುತ್ತಿದ್ದೆ. ಅಕ್ಕ ಕಾದ ಉತ್ತರ ಕೊನೆಗೂ ಬರಬಹುದು ಅನ್ನಿಸಿತ್ತು.

"ಅವಳೇ ಬೇಡ ಅಂದ್ಲು," ಎಂದ ಅಣ್ಣ.

ಆರೇಳು ವರ್ಷದ ಹುಡುಗಿ.

ಅಯ್ನೋರು "ಶಿವಶಿವಾ" ಅಂದದ್ದು ಕೇಳಿ ತಿರುಗಿದೆ. ಮಂಗಳಕ್ಕನ ಮುಖ ಎಡಕ್ಕೆ ತಿರುಗಿತ್ತು. ವಾಲಿದ ತಲೆ ಎದ್ದಿತ್ತು, ಗದ್ದ ಎಡಭುಜದ ಮೇಲಕ್ಕೆ ಬಂದಿತ್ತು, ಮುಖ ನೇರವಾಗಿ ಅಣ್ಣನ ಕುರ್ಚಿಯ ಕಡೆಗಿತ್ತು. ಕಣ್ಣು ಮುಚ್ಚಿಯೇ ಇದ್ದವು. ಅದು ತಿರುಗುವುದನ್ನು ನಾನು ಕಾಣಲಿಲ್ಲ. ತಿರುಗಿದ್ದನ್ನು ಕಂಡೆ. ಇಲ್ಲದ್ದನ್ನು ಸೇರಿಸಿ ಹೇಳಲಾರೆ.

ಅಯ್ನೋರು ಸರಳಿನ ಗಂಟು ಮುಟ್ಟಿ ನೋಡಿ, "ನಾನು ಹಾಕಿದ ಗಂಟು ಹಾಗೇ ಇದೆ" ಎಂದರು. ಹಾರ ಜಾರಿರಲಿಲ್ಲ. ಅಣ್ಣ ಎದ್ದು, ಅಭ್ಯಾಸಬಲದಿಂದ ಇರಬೇಕು, ಎರಡು ಬೆರಳನ್ನು ಅವಳ ಕಿವಿಯ ಹಿಂದಿನಿಂದ ಕಾಲರ್ ಬೋನಿನವರೆಗೆ ಇಳಿಸಿದ. ಸಟ್ಟನೆ ಕೈ ಹಿಂದಕ್ಕೆಳೆದುಕೊಂಡ.

"ಕಿತ್ತು ಹೋಗಿದೆಯಾ ಸಾರ್?" ರೂಪಾ ಮೆಲ್ಲಗೆ ಕೇಳಿದರು.

"ಇಲ್ಲ. ಹಗ್ಗದ ಹಾಗೇ ಇದೆ."

"ಹಾಗಿದ್ರೆ ಈ ಕಡೆಗೆ..."

"ಗೊತ್ತಮ್ಮ," ಎಂದು ಅಣ್ಣ ಗದರಿದ. ಅಯ್ನೋರು, "ಮತ್ತೆ ಮೊದಲಿನ ಹಾಗೆ ಮಾಡ್ಲಾ?" ಎಂದರು. "ಮುಟ್ಬೇಡಿ" ಎಂದ. ಆಮೇಲೆ ತನ್ನ ಕುರ್ಚಿ ಎತ್ತಿಕೊಂಡು ಹೋಗಿ ಅವಳ ಬಲಗಡೆ ಹಾಕಿಕೊಂಡು ಕೂತ. ನನ್ನ ನೆನಪಿನಲ್ಲಿ ಅವನು ಮಂಗಳಕ್ಕನ ಬಲಗಡೆ ಕೂತದ್ದು ಅದೊಂದೇ ಸಲ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಅವಳ ತುರುಬು ಮಾತ್ರ.

ಸಂಜೆ ರುದ್ರಭೂಮಿಯಲ್ಲಿ ಅವಳನ್ನು ಹಾಗೇ ಕೂರಿಸಿ ಮಣ್ಣು ಎಳೆದೆವು. ನೆಂಟರೊಬ್ಬರು ಬೆಳಿಗ್ಗೆ ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಮುಖ ಬಲಕ್ಕಿದೆ. ಆಮೇಲಿನ ಫೋಟೊ ಇಲ್ಲ. ತೆಗೆಯಬೇಕು ಅಂತ ನನಗೂ ಹೊಳೆಯಲಿಲ್ಲ.

ಕೆಲವು ತಿಂಗಳ ಮೇಲೆ ರೂಪಾ ಅವರ ಕ್ಲಿನಿಕ್ಕಿಗೆ ಹೋಗಿ ವಿಚಾರಿಸಿದೆ. ಬೆನ್ನಿಗೆ ಕೊಟ್ಟಿದ್ದ ದಿಂಬು ಸರಿದಿರಬಹುದು, ಸೆಟೆತ ಸಡಿಲಾಗಿರಬಹುದು ಎಂದರು. ಹಾಗೆ ಆಗುತ್ತಾ ಎಂದೆ. "ತಲೆ ಜಾರಿ ಬೀಳಬಹುದು ಸಾರ್. ಆದ್ರೆ ಆ ಸ್ನಾಯು ಇಟ್ಕೊಂಡು ಆ ಕಡೆಗೆ ತಿರುಗಲ್ಲ" ಎಂದರು. ತಾವೂ ಈಗ ಪಾಠ ಮಾಡುವುದಾಗಿ, ಅದೇ ಸ್ಲೈಡ್ ತೋರಿಸುವುದಾಗಿ ಹೇಳಿದರು. ಕೆಳಗೆ ಅವಳ ಹೆಸರು ಹಾಕಿ ಎಂದೆ. "ಪೇಷಂಟ್ ಹೆಸರು ಹಾಕೋ ಹಾಗಿಲ್ಲ ಸಾರ್, ರೂಲ್ಸು." ಆ ಕತ್ತಿಗೆ ಅವಳು ಯಾವತ್ತೂ ಯಾರ ಪೇಷಂಟೂ ಆಗಲಿಲ್ಲ ಎಂದು ಹೇಳಿ ಎದ್ದು ಬಂದೆ.

ಉಳಿದವನು ಅಣ್ಣ. ವರ್ಷದ ಪೂಜೆಯ ದಿನ ಊಟವಾದ ಮೇಲೆ, ಬೇಕೆಂದೇ ಅವನ ಎದುರು ಕುರ್ಚಿ ಎಳೆದು ಕೂತೆ. ಅವತ್ತು ಮಂಗಳಕ್ಕ ನಿನ್ನ ಕಡೆ ತಿರುಗಿದ್ದು ಹೇಗೆ, ನೀನು ಏನು ನೋಡಿದೆ ಎಂದು ಕೇಳಿದೆ. ಅವನು ಅಡಿಕೆ ಬಾಯಿಗೆ ಹಾಕಿಕೊಂಡ. ಕಿಟಕಿಯನ್ನು ನೋಡಿದ, ಬಾಗಿಲನ್ನು ನೋಡಿದ, ನನ್ನ ಮುಖವೊಂದನ್ನು ಬಿಟ್ಟು.

"ನಾನು ಆ ಕಡೆ ನೋಡ್ತಿರ್ಲಿಲ್ಲ ಕಣೋ," ಎಂದ.